ಕವಿಗೆ ಕವಿ ಬರೆದ ಚರಮಗೀತೆ ಕನ್ನಡಕ್ಕೆ: ಛಂದಸ್ಸು ಉಳಿಸೋದು ಹೇಗೆ?

ಕೇಳಿದವರು: ಉರ್ದು ಕವಿ ಗಾಲಿಬ್‌ಗೆ ಹಾಲಿ ಬರೆದ ಮರ್ಸಿಯಾ (ಚರಮಗೀತೆ), ಇಂಗ್ಲಿಷಿನಲ್ಲಿ ಯೇಟ್ಸ್‌ಗೆ ಆಡನ್ ಬರೆದದ್ದು, ಎರಡನ್ನೂ ಕನ್ನಡಕ್ಕೆ ತರಬೇಕೆಂದಿದ್ದೇನೆ. ಛಂದಸ್ಸು ಬಿಡದೆ ಮಾಡಿದವರು ಅನುಭವ ಹೇಳಿ.

ಮಾತ್ರಾಗಣ: ಆಡನ್‌ನ ಮೂರನೇ ಭಾಗ ಒಂದೇ ಸಾಕು ಸುಸ್ತಾಗೋಕೆ. ಪ್ರತಿ ಸಾಲಿಗೂ ಗುರು-ಲಘು ಮೂರು ಸಲ, ಆಮೇಲೆ ಒಂಟಿ ಗುರು: 3+3+3+2, ಒಟ್ಟು 11 ಮಾತ್ರೆ. ಕೊನೆಗೆ ಲಘು ಬಂತೋ, ಶವಯಾತ್ರೆಯ ತಮಟೆ ಮದುವೆ ವಾಲಗ ಆಗುತ್ತೆ. ನಮ್ಮ -ಅಲ್ಲಿ, -ಇಂದ, -ಅನ್ನು ಎಲ್ಲ ಲಘುವಿನಲ್ಲೇ ಮುಗಿಯೋದು, ಅಲ್ಲೇ ಜೀವ ಹಿಂಡಿದ್ದು. ಕವಿತೆಯ ಯಾವ ಆವೃತ್ತಿ ಅಂತ ಮೊದಲೇ ತೀರ್ಮಾನಿಸಿ: ಮೊದಲಿದ್ದ ಒಂಬತ್ತು ಚೌಪದಿಯಲ್ಲಿ ಮೂರನ್ನು ಆಡನ್ನೇ ಆಮೇಲೆ ಕಿತ್ತುಹಾಕಿದ. ನಾನು ಒಂಬತ್ತೂ ಇಟ್ಟೆ, ಪಶ್ಚಾತ್ತಾಪ ಇಲ್ಲ. ಕವಿ ಬ್ರಾಡ್‌ಸ್ಕಿ ಸತ್ತಾಗ ಅವನಿಗೆ ಬರೆದ ಚರಮಗೀತೆಗೆ ಕವಿ ಹೀನಿ ಇದೇ ಲಯ ಎತ್ತಿಕೊಂಡ. ಯೇಟ್ಸ್ 1939, ಬ್ರಾಡ್‌ಸ್ಕಿ 1996, ಇಬ್ಬರೂ ಸತ್ತದ್ದು ಜನವರಿ 28.

ಷಟ್ಪದಿಪ್ರಿಯ: ಮರ್ಸಿಯಾ ಅಂದರೆ ಮುಸದ್ದಸ್, ಆರು ಸಾಲು. ಭಾಮಿನಿ ಷಟ್ಪದಿಗೆ ಹಾಕಿ, ಮುಗೀತು.

ಬಂದ್: ಏನ್ರೀ ಮುಗಿಯೋದು? ಮುಸದ್ದಸ್ ಮುರಿಯೋದು 4+2 ಸಾಲಾಗಿ, ಷಟ್ಪದಿ 3+3. ಮೂರನೇ ಸಾಲು ಉದ್ದವಾದ ಕಡೆ ಅರ್ಥ ಅರ್ಧಕ್ಕೇ ನಿಲ್ಲುತ್ತೆ. ಅದೂ ಹೋಗಲಿ, ಹಾಲಿಯ ಈ ಪದ್ಯ ಮುಸದ್ದಸ್ಸೇ ಅಲ್ಲ, ತರ್ಕೀಬ್‌ಬಂದ್: ಗಜಲ್ ಥರ ಪ್ರಾಸ, ಪ್ರತಿ ಬಂದ್ (ಪದ್ಯಖಂಡ) ಮುಗಿಸೋಕೆ ಬೇರೆ ಪ್ರಾಸದ ಒಂದು ದ್ವಿಪದಿ. ಲಯ 7+6+4 ಮಾತ್ರೆ. ಕೊನೇ ಗಣ ಗುರು-ಗುರು ಆದರೂ ಲಘು-ಲಘು-ಗುರು ಆದರೂ ನಾಲ್ಕೇ, ಬಚಾವ್. ಏಳರ ಗಣವನ್ನು 3+4 ಅಂತ ಒಡೆದು ಹಾಡಿದರೆ ಭಾಮಿನಿಯೇ ಕೇಳಿಸುತ್ತೆ. ನಾನು ಎರಡು ಬಂದ್ ಹರಿದು ಹಾಕಿದ್ದು ಅದಕ್ಕೇ.

ಷಟ್ಪದಿಪ್ರಿಯ: ಹರಿದು ಹಾಕಿದವರು ಪಾಠ ಹೇಳ್ತಾರೆ!

ಅಬ್ಜದ್: ಮರಣವರ್ಷದ ತಾರೀಖ್ ಸಾಲು, ಅಂದರೆ ಉರ್ದು ಅಕ್ಷರಗಳ ಬೆಲೆ ಕೂಡಿದರೆ ಸತ್ತ ವರ್ಷ ಬರೋ ಸಾಲು, ಯಾರೂ ಕೇಳಲ್ಲ. ‘ಆಹ್ ಗಾಲಿಬ್ ಬಮುರ್ದ್’ (ಅಯ್ಯೋ, ಗಾಲಿಬ್ ಸತ್ತ): 6+1033+246, ಹಿಜರಿ 1285. ಕನ್ನಡ ಲಿಪಿ ನೋಡಿ ಕೂಡಬೇಡಿ. ಗಾಲಿಬ್‌ನ ಗ ಉರ್ದುವಿನಲ್ಲಿ ಘೈನ್ ಅಕ್ಷರ, ಬೆಲೆ 1000; ಇನ್ನೊಂದು ಗ, ಗಾಫ್ ಅಂದುಕೊಂಡು 20 ಹಾಕಿದರೆ 980 ಕಡಿಮೆ. ಮರ್ಸಿಯಾ ಕವಿ ಅನೀಸ್ ಸತ್ತಾಗ ಇನ್ನೊಬ್ಬ ಮರ್ಸಿಯಾ ಕವಿ ದಬೀರ್ ಕಟ್ಟಿದ ದ್ವಿಪದಿಯ ಎರಡು ಸಾಲೂ ಕೂಡಿದರೆ ಕ್ರಿ.ಶ. 1874, ಆದರೆ ‘ಆಸ್ಮಾನ್’ನ ಮದ್ (ದೀರ್ಘದ ಗುರುತು) ಇರುವ ಅಲಿಫ್‌ಗೆ, ಅಂದರೆ ‘ಆ’ ಅಕ್ಷರಕ್ಕೆ, 2 ಹಿಡಿಯಬೇಕು.

ಬಂದ್: ಈಗ ತಾನೇ ‘ಆಹ್’ಗೆ 1+5 ಅಂದಿರಿ. ಅದೂ ಮದ್ ಇರುವ ಅಲಿಫೇ. ದಬೀರನಿಗೊಂದು ಲೆಕ್ಕ, ಗಾಲಿಬ್‌ಗೊಂದಾ?

ಅಬ್ಜದ್: ಎರಡೂ ರೂಢಿಯಲ್ಲಿವೆ ಸ್ವಾಮಿ. 1 ಹಿಡಿದರೆ 1873, ಅನೀಸ್ ಒಂದು ವರ್ಷ ಮುಂಚೆ ಸಾಯ್ತಾನೆ. ನೀವೇ ಕೂಡಿ ನೋಡಿ.

ಕೇಳಿದವರು: ಆಡನ್‌ನ ಮೊದಲ ಭಾಗಕ್ಕೆ ಪ್ರಾಸವೇ ಇಲ್ಲವಲ್ಲ, ಅದನ್ನೇನು ಮಾಡಿದಿರಿ?

ಷಟ್ಪದಿಪ್ರಿಯ: ಮೊದಲು ಮದ್ ತೀರ್ಮಾನ ಆಗಲಿ.