ಗೆದ್ದ ಉದ್ಯಮಿಗಳ ಗುಣಗಳೆಂದು ನಾವು ಕಲಿಸುತ್ತಿರುವುದು ಸರಿಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ವಿದ್ಯಾರ್ಥಿಗಳಿಗೆ ವಾಣಿಜ್ಯಶಾಸ್ತ್ರ ಕಲಿಸುವ ಅಧ್ಯಾಪಕಿ. ಯಶಸ್ವಿ ಉದ್ಯಮಿಗಳ ಗುಣಗಳು ಮತ್ತು ಸಮಾಜಕ್ಕೆ ಅವರ ಕೊಡುಗೆ ಎಂಬ ಅಧ್ಯಾಯವನ್ನು ಪ್ರತಿ ವರ್ಷವೂ ಪಾಠ ಮಾಡುತ್ತೇನೆ. ಧೈರ್ಯ, ದೂರದೃಷ್ಟಿ, ಆತ್ಮವಿಶ್ವಾಸ, ಛಲ, ನಾಯಕತ್ವ ಎಂದು ಗುಣಗಳ ಪಟ್ಟಿ ಒಂದು ಕಡೆ. ಉದ್ಯೋಗ ಸೃಷ್ಟಿ, ಹೊಸ ಉತ್ಪನ್ನ, ತೆರಿಗೆ ಎಂದು ಕೊಡುಗೆಗಳ ಪಟ್ಟಿ ಇನ್ನೊಂದು ಕಡೆ. ಈ ಸಲ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಈ ಗುಣಗಳೆಲ್ಲ ನಮ್ಮ ತಂದೆಗೂ ಇದ್ದವು, ಆದರೂ ಅವರ ವ್ಯಾಪಾರ ಮುಳುಗಿತು. ಹಾಗಾದರೆ ಅವರಲ್ಲಿ ಇಲ್ಲದೇ ಹೋದದ್ದು ಯಾವುದು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಉದ್ಯಮ ನಡೆಸಿದವರು ಮತ್ತು ಈ ವಿಷಯವನ್ನು ಅಧ್ಯಯನ ಮಾಡಿದವರು ಇಲ್ಲಿದ್ದಾರೆಂದು ನಂಬಿ ಕೇಳುತ್ತಿದ್ದೇನೆ. ಗೆದ್ದವರಲ್ಲಿ ಇದ್ದು ಸೋತವರಲ್ಲಿ ಇಲ್ಲದ ಗುಣ ನಿಜವಾಗಿಯೂ ಇದೆಯೇ? ಹಾಗೆಯೇ, ಉದ್ಯಮಿಯೊಬ್ಬರ ಕೊಡುಗೆಯನ್ನು ಅವರು ಗಳಿಸಿದ ಸಂಪತ್ತಿನಿಂದ ಅಳೆಯುವುದು ಸರಿಯೇ?

ಉತ್ತರ 1

ಮೇಡಂ, ನಿಮ್ಮ ವಿದ್ಯಾರ್ಥಿನಿಯ ತಂದೆಯ ಸಾಲಿನಲ್ಲಿಯೇ ನಾನೂ ನಿಲ್ಲುತ್ತೇನೆ. ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದನ್ನು ಹನ್ನೊಂದು ವರ್ಷ ನಡೆಸಿ ಮುಚ್ಚಿದವನು ನಾನು. ಮುಚ್ಚಿದ ದಿನವೂ ನನ್ನ ಮೇಜಿನ ಮೇಲೆ ಆರ್ಡರುಗಳಿದ್ದವು, ಲೆಕ್ಕದ ಪುಸ್ತಕದಲ್ಲಿ ಲಾಭವೂ ಇತ್ತು. ಕೆಲಸಗಾರರಿಗೆ ಸಂಬಳ ಕೊಡಲು ಕೈಯಲ್ಲಿ ಹಣ ಮಾತ್ರ ಇರಲಿಲ್ಲ. ಒಬ್ಬನೇ ದೊಡ್ಡ ಗ್ರಾಹಕನ ಬಾಯಿಮಾತನ್ನು ನಂಬಿ ಸಾಲ ಮಾಡಿ ಎರಡನೆಯ ಯಂತ್ರ ತರಿಸಿದ್ದೆ. ಆತ ಬಿಲ್ಲುಗಳನ್ನು ತಿಂಗಳುಗಟ್ಟಲೆ ಮುಂದೂಡುತ್ತಾ ಹೋದಾಗ ಸಾಲದ ಕಂತು ಮಾತ್ರ ಮುಂದೂಡಲ್ಪಡಲಿಲ್ಲ. ಧೈರ್ಯಕ್ಕೆ ಕೊರತೆಯಿರಲಿಲ್ಲ. ಧೈರ್ಯ ಸ್ವಲ್ಪ ಕಡಿಮೆಯಿದ್ದಿದ್ದರೆ ಎರಡನೆಯ ಯಂತ್ರಕ್ಕೆ ಕೈ ಹಾಕುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆತ್ಮವಿಶ್ವಾಸದ ಬಗ್ಗೆ ಒಂದು ಹಳೆಯ ಅಧ್ಯಯನವಿದೆ. 1988ರಲ್ಲಿ ಅರ್ನಾಲ್ಡ್ ಕೂಪರ್ ಮತ್ತು ಅವರ ಸಂಗಡಿಗರು ಅಮೆರಿಕದ 2,994 ಉದ್ಯಮಿಗಳನ್ನು ಕೇಳಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅವರಲ್ಲಿ ಶೇಕಡಾ 81 ಮಂದಿ ತಾವು ಗೆಲ್ಲುವ ಸಾಧ್ಯತೆ ಹತ್ತರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರು. ಮೂರನೆಯ ಒಂದರಷ್ಟು ಜನ ತಮಗೆ ಸೋಲಿನ ಸಾಧ್ಯತೆಯೇ ಇಲ್ಲ ಎಂದಿದ್ದರು. ಅದೇ ದೇಶದಲ್ಲಿ ಹೊಸ ಉದ್ಯಮಗಳಲ್ಲಿ ಸುಮಾರು ಅರ್ಧದಷ್ಟು ಐದು ವರ್ಷ ತುಂಬುವುದರೊಳಗೆ ಮುಚ್ಚಿಹೋಗುತ್ತವೆ. ಹಾಗಾದರೆ ಸೋತವರಲ್ಲಿಯೂ ಬಹುಪಾಲು ಜನ ಆತ್ಮವಿಶ್ವಾಸಿಗಳೇ ಆಗಿದ್ದರಲ್ಲವೇ? ಗೆದ್ದವರನ್ನಷ್ಟೇ ಸಾಲಾಗಿ ನಿಲ್ಲಿಸಿ ಅವರಲ್ಲಿರುವ ಸಮಾನ ಗುಣಗಳನ್ನು ಬರೆದುಕೊಂಡರೆ ಉದ್ಯಮಕ್ಕೆ ಇಳಿದವರೆಲ್ಲರ ಗುಣ ಸಿಗುತ್ತದೆಯೇ ಹೊರತು ಗೆಲುವಿನ ಕಾರಣ ಸಿಗುವುದಿಲ್ಲ.

ನನಗೆ ಉಪಯೋಗಕ್ಕೆ ಬಂದ ವಿವರಣೆ ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿ ಅವರದು. ಮನುಷ್ಯರು ನಿರ್ಧಾರ ಮಾಡುವ ಬಗೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ ಅವರ ಶಿಷ್ಯೆಯಾದ ಇವರು 27 ಮಂದಿ ಅನುಭವಿ ಉದ್ಯಮಿಗಳ ಮುಂದೆ ಒಂದೇ ಸಮಸ್ಯೆಯನ್ನಿಟ್ಟು, ಬಿಡಿಸುವಾಗ ಮನಸ್ಸಿನಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದು ಕೇಳಿಕೊಂಡರು. ಎಷ್ಟು ಲಾಭ ಬರಬಹುದು ಎಂಬ ಅಂದಾಜಿನಿಂದ ಆ ಉದ್ಯಮಿಗಳು ಹೊರಡುತ್ತಿರಲಿಲ್ಲ. ಈ ಹೆಜ್ಜೆ ತಪ್ಪಿದರೆ ಎಷ್ಟು ಕಳೆದುಕೊಂಡೂ ನಿಂತಿರಬಲ್ಲೆ ಎಂಬ ಲೆಕ್ಕದಿಂದ ಹೊರಡುತ್ತಿದ್ದರು. ಕೈಯಲ್ಲಿ ಏನಿದೆ, ಯಾರ ಪರಿಚಯವಿದೆ ಎಂಬಲ್ಲಿಂದ ಆರಂಭಿಸಿ, ಗ್ರಾಹಕರು ಮತ್ತು ಪೂರೈಕೆದಾರರಿಂದ ಮೊದಲೇ ಬದ್ಧತೆ ಪಡೆದು, ಅದಕ್ಕೆ ತಕ್ಕಂತೆ ಗುರಿಯನ್ನೇ ಬದಲಿಸಿಕೊಳ್ಳುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ನಾವು ಅಂಜುಬುರುಕರ ಮಾತೆಂದುಕೊಳ್ಳುತ್ತೇವೆ. ಆದರೆ ಕಾಲು ಎಷ್ಟು ಚಾಚಬಹುದೆಂದು ತಿಳಿದವರಿಗೆ ಮಾತ್ರ ಎರಡನೆಯ ಸಲ, ಮೂರನೆಯ ಸಲ ಪ್ರಯತ್ನಿಸುವ ಅವಕಾಶ ಉಳಿದಿರುತ್ತದೆ.

ಉತ್ತರ 2

ಹಡಗು ಸಾಗಣೆಯ ಕ್ಷೇತ್ರದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದೇನೆ. ಮೇಲಿನ ಉತ್ತರವನ್ನು ಒಪ್ಪುತ್ತಲೇ ಒಬ್ಬ ಉದ್ಯಮಿಯ ಕಥೆಯನ್ನು ವಿವರವಾಗಿ ಹೇಳಲು ಬಯಸುತ್ತೇನೆ, ಏಕೆಂದರೆ ಗೆಲುವು ಮತ್ತು ಸೋಲು ಎರಡೂ ಒಂದೇ ವ್ಯಕ್ತಿಯಲ್ಲಿ ಸಿಗುವ ಉದಾಹರಣೆ ಇದಕ್ಕಿಂತ ಸ್ಪಷ್ಟವಾದದ್ದು ನನಗೆ ಗೊತ್ತಿಲ್ಲ.

ಮಾಲ್ಕಂ ಮೆಕ್ಲೀನ್ ಅವರು 1934ರಲ್ಲಿ ಹಳೆಯ ಲಾರಿಯೊಂದರಿಂದ ವ್ಯವಹಾರ ಆರಂಭಿಸಿದರು. ಎರಡು ದಶಕಗಳಲ್ಲಿ ಅವರದು ಅಮೆರಿಕದ ದೊಡ್ಡ ಲಾರಿ ಸಾರಿಗೆ ಕಂಪನಿಗಳಲ್ಲೊಂದಾಯಿತು. ಆಗಿನ ಕಾಲದಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಲಾರಿಯಿಂದ ಒಂದೊಂದಾಗಿ ಇಳಿಸಿ ಹಡಗಿಗೆ ಒಂದೊಂದಾಗಿ ಏರಿಸಬೇಕಿತ್ತು; ಹಡಗು ಸಮುದ್ರದಲ್ಲಿ ಸಾಗುವುದರ ಜೊತೆಗೆ ಬಂದರಿನಲ್ಲಿ ಕಾಯುವುದಕ್ಕೂ ದಿನಗಟ್ಟಲೆ ಕಾಲ ಹೋಗುತ್ತಿತ್ತು. ಸರಕನ್ನು ಮುಟ್ಟದೆ ಪೆಟ್ಟಿಗೆಯನ್ನೇ ಇಡಿಯಾಗಿ ಎತ್ತಿ ಹಡಗಿನ ಮೇಲಿಡಬಾರದೇಕೆ ಎಂಬುದು ಅವರ ಯೋಚನೆ. ಪೆಟ್ಟಿಗೆಯಲ್ಲಿ ಸರಕು ಸಾಗಿಸುವ ಪ್ರಯತ್ನಗಳು ಅವರಿಗಿಂತ ಮೊದಲೂ ನಡೆದಿದ್ದವು. ಆದರೆ ಹಡಗಿನವರು ಹಡಗನ್ನಷ್ಟೇ, ಲಾರಿಯವರು ಲಾರಿಯನ್ನಷ್ಟೇ ನೋಡುತ್ತಿದ್ದಾಗ, ಇವರು ಸರಕು ಹೊರಟ ಬಾಗಿಲಿನಿಂದ ತಲುಪುವ ಬಾಗಿಲಿನವರೆಗಿನ ಇಡೀ ದಾರಿಯನ್ನು ಒಂದೇ ವ್ಯವಹಾರವೆಂದು ನೋಡಿದರು. ಲಾರಿ, ಕ್ರೇನು, ಹಡಗು, ಪೆಟ್ಟಿಗೆಯ ಮೂಲೆಯ ಕೊಂಡಿ ಎಲ್ಲವೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು, ಮತ್ತು ಆ ಕೊಂಡಿಗಳನ್ನು ರೂಪಿಸಲು ಕೀತ್ ಟ್ಯಾಂಟ್ಲಿಂಗರ್ ಎಂಬ ಎಂಜಿನಿಯರನ್ನು ಅವರು ಕರೆತಂದರು. ಲಾರಿ ಕಂಪನಿಯ ಮಾಲೀಕರು ಹಡಗು ಕಂಪನಿಯನ್ನು ನಡೆಸಲು ಅಂದಿನ ನಿಯಮಗಳು ಅಡ್ಡಿಯಾಗಿದ್ದರಿಂದ, ತಾವೇ ಬೆಳೆಸಿದ ಲಾರಿ ಕಂಪನಿಯನ್ನು ಬಿಟ್ಟುಕೊಟ್ಟರು.

1956ರ ಏಪ್ರಿಲ್ 26ರಂದು, ತೈಲ ಸಾಗಿಸುತ್ತಿದ್ದ ಹಡಗನ್ನು ಮಾರ್ಪಡಿಸಿ ಮಾಡಿದ "ಐಡಿಯಲ್ ಎಕ್ಸ್" 58 ಕಂಟೇನರುಗಳನ್ನು, ಅಂದರೆ ಅಂಥ ದೊಡ್ಡ ಪೆಟ್ಟಿಗೆಗಳನ್ನು, ಹೊತ್ತು ನ್ಯೂಅರ್ಕ್‌ನಿಂದ ಹ್ಯೂಸ್ಟನ್ ಕಡೆಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5.8 ಡಾಲರುಗಳಷ್ಟು ತಗಲುತ್ತಿದ್ದ ಕಾಲದಲ್ಲಿ, ಆ ಹಡಗಿಗೆ ತುಂಬಲು ತಗಲಿದ್ದು ಟನ್ನಿಗೆ 16 ಸೆಂಟಿಗಿಂತ ಕಡಿಮೆ ಎಂದು ಅವರ ತಜ್ಞರು ಲೆಕ್ಕ ಹಾಕಿದರು. ಮುಂದೆ ಮೂಲೆಯ ಕೊಂಡಿಗಳ ಮೇಲಿದ್ದ ಪೇಟೆಂಟ್ ಹಕ್ಕನ್ನು ಅವರ ಕಂಪನಿ ಬಿಟ್ಟುಕೊಟ್ಟಿತು. ಅದರಿಂದ ಎಲ್ಲ ಕಂಪನಿಗಳ ಪೆಟ್ಟಿಗೆಗಳೂ ಒಂದೇ ಮಾನಕಕ್ಕೆ ಬರುವ ದಾರಿ ಸುಗಮವಾಯಿತು. ಈ ಕೊಡುಗೆಯ ಇನ್ನೊಂದು ಮುಖವನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಹೆಗಲ ಮೇಲೆ ಸರಕು ಹೊತ್ತು ಬದುಕುತ್ತಿದ್ದ ಸಾವಿರಾರು ಬಂದರು ಕಾರ್ಮಿಕರು ಇದರಿಂದ ಕೆಲಸ ಕಳೆದುಕೊಂಡರು, ಹೊಸ ಪದ್ಧತಿಗೆ ಹೊಂದಿಕೊಳ್ಳಲಾಗದ ಹಳೆಯ ಬಂದರುಗಳು ಬರಿದಾದವು.

ಇನ್ನು ಸೋಲಿನ ಭಾಗ. ಮೊದಲ ಹಡಗು ಕಂಪನಿಯನ್ನು ಮಾರಿದ ಮೆಕ್ಲೀನ್, 1978ರಲ್ಲಿ ಇನ್ನೊಂದನ್ನು ಕೊಂಡರು. ತೈಲದ ಬೆಲೆ ಏರುತ್ತಲೇ ಹೋಗುತ್ತದೆಂದು ನಂಬಿ, ಇಂಧನ ಉಳಿಸುವ ಆದರೆ ನಿಧಾನವಾಗಿ ಚಲಿಸುವ ಬೃಹತ್ ಹಡಗುಗಳನ್ನು ಸಾಲದ ಹಣದಲ್ಲಿ ಕಟ್ಟಿಸಿದರು. ಹಡಗುಗಳು ನೀರಿಗಿಳಿಯುವ ಹೊತ್ತಿಗೆ ತೈಲದ ಬೆಲೆ ಕುಸಿದಿತ್ತು. 1986ರಲ್ಲಿ ಕಂಪನಿ ದಿವಾಳಿಯಾಯಿತು. ಮೂವತ್ತು ವರ್ಷಗಳ ಹಿಂದೆ ಗೆಲ್ಲಿಸಿದ ದೂರದೃಷ್ಟಿ, ಧೈರ್ಯ, ಛಲ ಮೂರೂ ಅವರಲ್ಲಿ ಹಾಗೆಯೇ ಇದ್ದವು. ನನ್ನ ತಿಳಿವಳಿಕೆಯಲ್ಲಿ ವ್ಯತ್ಯಾಸವಿದ್ದದ್ದು ಇಷ್ಟೇ: 1956ರಲ್ಲಿ ಅವರು ಹಳೆಯ ಹಡಗನ್ನೇ ಮಾರ್ಪಡಿಸಿ 58 ಪೆಟ್ಟಿಗೆಗಳಿಂದ ಪರೀಕ್ಷೆ ಮಾಡಿದ್ದರು, ಎರಡನೆಯ ಸಲ ತಮ್ಮ ಹತೋಟಿಯಲ್ಲಿಲ್ಲದ ಒಂದೇ ಒಂದು ಬೆಲೆಯ ಮೇಲೆ ಎಲ್ಲವನ್ನೂ ಒಡ್ಡಿದರು.

ಉತ್ತರ 3

ನಾನು ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಕೊಡುಗೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಹದಿನೆಂಟನೆಯ ಶತಮಾನದ ಅರ್ಥಚಿಂತಕ ರಿಚರ್ಡ್ ಕ್ಯಾಂಟಿಲನ್ ಅವರ ಪ್ರಕಾರ ಉದ್ಯಮಿಯೆಂದರೆ ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರಲು ಒಪ್ಪಿಕೊಂಡವನು. ಅಂದರೆ ಉಳಿದವರಿಗೆ ನಿಶ್ಚಿತವಾದ ಕೂಲಿ, ಬಾಡಿಗೆ ಸಿಗುವಂತೆ ಮಾಡಿ ಅನಿಶ್ಚಿತತೆಯನ್ನು ತಾನು ಹೊರುವವನು. ಇದನ್ನು ಒಂದು ಕೊಡುಗೆಯೆಂದು ನಮ್ಮ ಪಠ್ಯಗಳು ಹೇಳುವುದೇ ಇಲ್ಲ. ನನಗಂತೂ ಇದು ಮೊದಲ ಕೊಡುಗೆಯಾಗಿ ಕಾಣುತ್ತದೆ. ಈ ದೃಷ್ಟಿಯಲ್ಲಿ, ಮುಳುಗುವ ತನಕ ಪ್ರತಿ ತಿಂಗಳೂ ಸಂಬಳ ಕೊಟ್ಟ ಆ ತಂದೆಯೂ ಕೊಡುಗೆ ನೀಡಿದವರೇ.

ಸಂಪತ್ತಿನಿಂದ ಅಳೆಯಬಹುದೇ ಎಂದು ಕೇಳಿದ್ದೀರಿ. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ ಅವರು 1948ರಿಂದ 2001ರವರೆಗಿನ ಅಮೆರಿಕದ ಅರ್ಥವ್ಯವಸ್ಥೆಯನ್ನು ಪರಿಶೀಲಿಸಿ, ಹೊಸ ಆವಿಷ್ಕಾರಗಳಿಂದ ಹುಟ್ಟಿದ ಒಟ್ಟು ಮೌಲ್ಯದಲ್ಲಿ ಅವುಗಳನ್ನು ತಂದವರ ಕೈಗೆ ಸೇರಿದ್ದು ಶೇಕಡಾ 2.2ರಷ್ಟು ಮಾತ್ರ ಎಂದು ಅಂದಾಜು ಮಾಡಿದರು. ಉಳಿದದ್ದರಲ್ಲಿ ಬಹುಪಾಲು ಕಡಿಮೆ ಬೆಲೆ ಮತ್ತು ಒಳ್ಳೆಯ ಉತ್ಪನ್ನಗಳ ರೂಪದಲ್ಲಿ ಬಳಕೆದಾರರಿಗೆ ಹರಿದುಹೋಗಿದೆ. ಕಂಟೇನರಿನ ಕಥೆಯಲ್ಲಿ ಆದದ್ದೂ ಇದೇ: ಅದನ್ನು ತಂದವರ ಕಂಪನಿ ಮುಂದೆ ದಿವಾಳಿಯಾಯಿತು, ಸಾಗಣೆಯ ವೆಚ್ಚ ಇಳಿದದ್ದು ಮಾತ್ರ ಜಗತ್ತಿಗೇ ಉಳಿಯಿತು.

ಇದರ ಜೊತೆಗೆ ಎಚ್ಚರಿಕೆಯ ಮಾತೊಂದನ್ನು ಸೇರಿಸಲೇಬೇಕು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಿಲಿಯಂ ಬೊಮೋಲ್ ಅವರು 1990ರಲ್ಲಿ ವಾದಿಸಿದಂತೆ, ಉದ್ಯಮಶೀಲ ಬುದ್ಧಿ ಎಲ್ಲ ಕಾಲದಲ್ಲಿಯೂ ಇರುತ್ತದೆ. ಅದು ಉತ್ಪಾದನೆಯ ಕಡೆಗೆ ಹರಿಯುತ್ತದೆಯೋ, ಪರವಾನಗಿ ಹಿಡಿದಿಟ್ಟುಕೊಂಡು ಏನನ್ನೂ ಉತ್ಪಾದಿಸದೆ ಹಣ ವಸೂಲಿ ಮಾಡುವ ಕಡೆಗೆ ಹರಿಯುತ್ತದೆಯೋ, ಸಂಘಟಿತ ಅಪರಾಧದ ಕಡೆಗೆ ಹರಿಯುತ್ತದೆಯೋ ಎಂಬುದನ್ನು ಆ ಸಮಾಜ ಯಾವುದಕ್ಕೆ ಪ್ರತಿಫಲ ಕೊಡುತ್ತದೆ ಎಂಬುದೇ ನಿರ್ಧರಿಸುತ್ತದೆ. ಹೀಗಾಗಿ ದೊಡ್ಡ ಸಂಪತ್ತು ಕಂಡ ಕೂಡಲೇ ಕೊಡುಗೆಯಿದೆ ಎಂದು ಊಹಿಸುವಂತಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ತಂದೆಯ ಬಗ್ಗೆ ಬರೆದ ಸಾಲನ್ನು ಎರಡು ಸಲ ಓದಿದೆ. ಇನ್ನೆರಡು ಸಂದೇಹಗಳು ಉಳಿದಿವೆ. ಉದ್ಯೋಗ ಸೃಷ್ಟಿಯಾಗುವುದು ಸಣ್ಣ ಉದ್ಯಮಗಳಿಂದ ಎಂದು ಪಠ್ಯ ಹೇಳುತ್ತದೆ, ಅದು ಸರಿಯೇ? ಮತ್ತು ಉದ್ಯಮ ಆರಂಭಿಸಲು ಎಳೆಯ ವಯಸ್ಸೇ ಸೂಕ್ತ ಎಂದು ನನ್ನ ವಿದ್ಯಾರ್ಥಿಗಳು ಬಲವಾಗಿ ನಂಬಿದ್ದಾರೆ. ಓದು ಬಿಟ್ಟು ಹೊರಡಲು ಸಿದ್ಧರಾದ ಇಬ್ಬರು ಹುಡುಗರ ಬಗ್ಗೆ ನನಗೆ ಚಿಂತೆಯಾಗಿದೆ.

ಉತ್ತರ 3ರವರ ಪ್ರತಿಕ್ರಿಯೆ

ಸಣ್ಣ ಉದ್ಯಮ ಎನ್ನುವುದಕ್ಕಿಂತ ಹೊಸ ಉದ್ಯಮ ಎನ್ನುವುದು ಸರಿ. ಹಾಲ್ಟಿವಾಂಗರ್, ಜಾರ್ಮಿನ್ ಮತ್ತು ಮಿರಾಂಡ ಅವರು 2013ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಕಂಪನಿಗಳ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಗಾತ್ರಕ್ಕೂ ಉದ್ಯೋಗದ ಬೆಳವಣಿಗೆಗೂ ಹೇಳಿಕೊಳ್ಳುವಂಥ ಸಂಬಂಧ ಉಳಿಯಲಿಲ್ಲ. ಸಣ್ಣ ಉದ್ಯಮಗಳು ಹೆಚ್ಚು ಉದ್ಯೋಗ ಕೊಡುವಂತೆ ಕಾಣುವುದು, ಹೊಸ ಉದ್ಯಮಗಳು ಸಾಮಾನ್ಯವಾಗಿ ಸಣ್ಣವಾಗಿರುತ್ತವೆ ಎಂಬ ಕಾರಣಕ್ಕೆ. ಹೊಸ ಉದ್ಯಮಗಳಲ್ಲಿಯೂ ಹಲವು ಬೇಗ ಮುಚ್ಚಿ, ಕೊಟ್ಟ ಕೆಲಸಗಳನ್ನೂ ತಮ್ಮೊಂದಿಗೆ ಒಯ್ಯುತ್ತವೆ. ಉಳಿದ ಕೆಲವು ವೇಗವಾಗಿ ಬೆಳೆಯುತ್ತವೆ.

ವಯಸ್ಸಿನ ಬಗ್ಗೆ ನಿಮ್ಮ ಚಿಂತೆ ನ್ಯಾಯವಾದದ್ದು. ಪಿಯರ್ ಅಜೂಲೆ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಷ್ಟು ಹೊಸ ಕಂಪನಿಗಳನ್ನು ಸ್ಥಾಪಿಸಿದವರ ಸರಾಸರಿ ವಯಸ್ಸು, ಸ್ಥಾಪಿಸಿದ ಸಮಯದಲ್ಲಿ, 45 ವರ್ಷ. ಅದೇ ಕ್ಷೇತ್ರದಲ್ಲಿ ಮೊದಲು ಕೆಲಸ ಮಾಡಿದ್ದವರಿಗೆ ಗೆಲುವಿನ ಸಾಧ್ಯತೆಯೂ ಹೆಚ್ಚಾಗಿತ್ತು. ಹೊರಡುವುದೇ ಆದರೆ, ಮೊದಲು ಆ ಕೆಲಸವನ್ನು ಇನ್ನೊಬ್ಬರ ಬಳಿ ಕೆಲವು ವರ್ಷ ಮಾಡಿ ನೋಡಲಿ ಎಂದು ಆ ಹುಡುಗರಿಗೆ ದಯವಿಟ್ಟು ಹೇಳಿ.

ಉತ್ತರ 4

ನಾನು ಸಾಲ ಮಂಜೂರು ಮಾಡುವ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಅರ್ಜಿ ಹಿಡಿದು ಬಂದವರಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ: ಕೆಟ್ಟ ಸುದ್ದಿಯನ್ನು ಈತ ಎಷ್ಟು ಬೇಗ ಹೇಳುತ್ತಾನೆ? ಮಾರಾಟ ಕುಸಿದ ತಿಂಗಳಲ್ಲೇ ಬಂದು ಲೆಕ್ಕ ತೆರೆದಿಟ್ಟವರ ಸಾಲವನ್ನು ಮರುಹೊಂದಿಸಲು ದಾರಿಗಳಿರುತ್ತಿದ್ದವು. ಮೂರು ಕಂತು ತಪ್ಪಿದ ಮೇಲೆ ಬಂದವರಿಗೆ ಇರುತ್ತಿರಲಿಲ್ಲ. ಕೆಟ್ಟ ಸುದ್ದಿ ಮುಚ್ಚಿಟ್ಟವರೆಲ್ಲ ಅಪ್ರಾಮಾಣಿಕರಾಗಿರಲಿಲ್ಲ. ಬಹಳಷ್ಟು ಜನ ಛಲ ಬಿಡಬಾರದು ಎಂದು ನಂಬಿ ತಮಗೆ ತಾವೇ ಮುಚ್ಚಿಟ್ಟುಕೊಂಡವರು.

ಛಲವನ್ನು ಪಟ್ಟಿಯಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪಿಂಗಾಣಿ ಉದ್ಯಮಿ ಜೋಸಾಯ ವೆಜ್‌ವುಡ್ ಅವರು ಜ್ಯಾಸ್ಪರ್ ಎಂಬ ಹೊಸ ಬಗೆಯ ಪಿಂಗಾಣಿಗಾಗಿ ಸಾವಿರಾರು ಪ್ರಯೋಗಗಳನ್ನು ನಡೆಸಿ, ಪ್ರತಿ ತುಣುಕಿಗೂ ಗುರುತು ಹಾಕಿ, ಯಾವ ಮಿಶ್ರಣ ಹೇಗೆ ಕೆಟ್ಟಿತೆಂದು ಬರೆದಿಟ್ಟರು. ಕುಲುಮೆಯ ಶಾಖ ಅಳೆಯಲು ಸಾಧನವಿಲ್ಲದಿದ್ದಾಗ ತಾವೇ ಒಂದನ್ನು ರೂಪಿಸಿದರು. ಆ ಕೆಲಸಕ್ಕಾಗಿ 1783ರಲ್ಲಿ ಅಲ್ಲಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ಅಳೆಯುತ್ತಾ, ಬರೆದಿಡುತ್ತಾ ಹೋಗುವ ಛಲಕ್ಕೂ ಕಣ್ಣು ಮುಚ್ಚಿಕೊಂಡು ಮುನ್ನುಗ್ಗುವ ಛಲಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಇದು ಒಳ್ಳೆಯ ಉದಾಹರಣೆಯಾದೀತು.

ಆ ಹುಡುಗಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ತಂದೆಯಲ್ಲಿ ಏನು ಇರಲಿಲ್ಲ ಎಂದು ಹುಡುಕುವುದನ್ನು ಬಿಟ್ಟು, ಅವರ ಹಳೆಯ ಲೆಕ್ಕದ ಪುಸ್ತಕಗಳನ್ನು ಅವರೊಡನೆಯೇ ಕುಳಿತು ಒಮ್ಮೆ ನೋಡಲು ಹೇಳಿ. ಯಾವ ತಿಂಗಳಿನಿಂದ ಬರಬೇಕಾದ ಬಾಕಿ ಬೆಳೆಯತೊಡಗಿತು, ಯಾವ ಸಾಲ ಯಾವ ನಿರೀಕ್ಷೆಯ ಮೇಲೆ ತೆಗೆದದ್ದು, ನಿಲ್ಲಿಸಬಹುದಾಗಿದ್ದ ಕೊನೆಯ ಹಂತ ಯಾವುದು ಎಂಬುದು ಅಲ್ಲಿ ಸಿಗುತ್ತದೆ. ಅವರು ಒಪ್ಪಿದರೆ, ಒಂದು ದಿನ ನಿಮ್ಮ ತರಗತಿಗೆ ಬಂದು ಅದನ್ನು ವಿವರಿಸುವಂತೆ ಗೌರವದಿಂದ ಕೇಳಿಕೊಳ್ಳಿ.