ಬೋಟಿನ ಪಾಲೇ ಸರಿ ಬರ್ತಾ ಇಲ್ಲ, ಇಗರ್ಜಿಗೆ ಕೊಡೋದು ಹೇಗೆ?

ಪ್ರಶ್ನೆ (ಕಾರವಾರ ಬೈತಖೋಲದ ಒಬ್ಬ ಸದಸ್ಯೆ):
ಸರ್ ನಮಸ್ಕಾರ, ನೀವು ಸಿಎ, ನಿಮ್ಮ ಇಗರ್ಜಿಯ (ಚರ್ಚಿನ) ಫೈನಾನ್ಸ್ ಕಮಿಟಿಯಲ್ಲೂ ಇದ್ದೀರಿ ಅಂತ ಕೇಳ್ತಾ ಇದ್ದೇನೆ. ನಮ್ಮನೆಯವರು ಪರ್ಸೀನ್ ಬೋಟಿಗೆ (ದೊಡ್ಡ ಸುತ್ತುಬಲೆಯ ಮೀನುಗಾರಿಕೆ ಬೋಟು) ಹೋಗ್ತಾರೆ, ಸಂಬಳ ಅಲ್ಲ, ಸಿಕ್ಕ ಮೀನಿನ ದುಡ್ಡಲ್ಲಿ ಪಾಲಿನ ಮೇಲೆ ದುಡಿಮೆ. ಮದುವೆ ಆದಾಗಿಂದ ಇಗರ್ಜಿಗೆ, ಅನಾಥಾಶ್ರಮದ ಸಿಸ್ಟರ್‌ಗಳಿಗೆ ಸೇರಿ ಹತ್ತರಲ್ಲೊಂದು ಪಾಲು ಅಂತ ತಿಂಗಳಿಗೆ ಒಂದು ಮೊತ್ತ ಕೊಡ್ತಾ ಬಂದಿದ್ದೇವೆ. ಈ ಸಲ ಬಾಂಗ್ಡೆ ಮೀನು ಸರಿ ಸಿಗ್ಲಿಲ್ಲ, ಡೀಸೆಲ್ ಖರ್ಚು ಕಳೆದ್ರೆ ಕೆಲವು ವಾರ ಕೈಗೆ ಏನೂ ಇಲ್ಲ, ಮಸ್ಕತ್ತಲ್ಲಿರೋ ಮೈದುನನ ಸಂಬಳಾನೂ ಅರ್ಧ ಆಗಿದೆ, ಅತ್ತೆಗೆ ಇನ್ಸುಲಿನ್ ತಪ್ಪಿಸೋ ಹಾಗಿಲ್ಲ. ಇದರ ಮೇಲೆ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಫೆಸ್ತಿನ (ಹಬ್ಬದ) ಖರ್ಚು ವಹಿಸೋ ಸರದಿ ನಮ್ಮ ಮನೆಯದ್ದು, ಬಳೆ ಅಡವಿಟ್ಟಾದ್ರೂ ಮಾಡುವಾ ಅಂತಾರೆ ಇವರು. ಕಮ್ಮಿ ಕೊಟ್ರೆ ದೇವರಿಗೆ ಮೋಸ ಮಾಡಿದ ಹಾಗಾ ಸರ್?

ಉತ್ತರ (ಸಿಎ, ಹೊನ್ನಾವರ):
ಇಲ್ಲ ಅಕ್ಕಾ, ಮೋಸ ಅಲ್ಲ. ಮೊದಲು ಬಳೆ ವಿಷಯ ಹೇಳ್ತೇನೆ, ದಯವಿಟ್ಟು ಅಡವಿಡಬೇಡಿ. ಬೈಬಲಿನ 2 ಕೊರಿಂಥ 8ರಲ್ಲಿ ಸಂತ ಪೌಲ ಸ್ಪಷ್ಟ ಹೇಳಿದ್ದಾನೆ, ಒಬ್ಬನ ಹತ್ತಿರ ಏನಿದೆಯೋ ಅದಕ್ಕೆ ತಕ್ಕ ಹಾಗೆ ಕೊಟ್ರೆ ಸಾಕು, ಇಲ್ಲದ್ದನ್ನ ಕೇಳೋದಿಲ್ಲ ಅಂತ. ಅಡವಿಟ್ಟು ತಂದ ದುಡ್ಡು ನಿಮ್ಮದಲ್ಲ, ಸಾಲ ಕೊಟ್ಟ ಸೊಸೈಟಿಯದ್ದು, ಅದಕ್ಕೆ ಬಡ್ಡಿ ಕಟ್ಟೋದು ಮುಂದಿನ ಜೂನ್‌ನಲ್ಲಿ ಬೋಟ್ ದಡದಲ್ಲಿ ನಿಂತಿರೋವಾಗ. ಫಾದರ್ ಹತ್ತಿರ ಈಗಲೇ ಹೋಗಿ, ಈ ವರ್ಷ ಆಗೋದಿಲ್ಲ, ವಾಡೆಯ (ಕೇರಿಯ) ನಾಲ್ಕು ಮನೆ ಸೇರಿ ಮಾಡ್ತೇವೆ ಅಂತ ಹೇಳಿ. ಕಮಿಟಿಯಲ್ಲಿ ಕೂತವನಾಗಿ ಹೇಳ್ತೇನೆ, ಕೊನೇ ವಾರದಲ್ಲಿ ತಿಳಿಯೋದಕ್ಕಿಂತ ಈಗ ತಿಳಿದ್ರೆ ನಮಗೂ ಅನುಕೂಲ, ಯಾರೂ ತಪ್ಪು ತಿಳಿಯೋದಿಲ್ಲ.

ಅತ್ತೆಯ ಇನ್ಸುಲಿನ್ ಕಳೆದ ಮೇಲೇ ಕೊಡೋ ಲೆಕ್ಕ. ಮಾರ್ಕ 7ರಲ್ಲಿ ಯೇಸು ಸ್ವಾಮಿ ಸಿಟ್ಟಾಗಿದ್ದೇ ಇದಕ್ಕೆ, ತಂದೆ ತಾಯಿಗೆ ಕೊಡಬೇಕಾದ್ದನ್ನ 'ಕೊರ್ಬಾನ್, ಇದು ದೇವರಿಗೆ ಮುಡಿಪು' ಅಂತ ಹೇಳಿ ತಪ್ಪಿಸಿಕೊಳ್ಳೋರ ಮೇಲೆ.

ಈಗ ಹೇಗೆ ಕೊಡೋದು ಅಂತ. ನಿಮ್ಮ ತೊಂದರೆ ಎಲ್ಲಿದೆ ಅಂದ್ರೆ, ದುಡಿಮೆ ಪಾಲಿನದ್ದು, ಕೊಡೋದು ಮಾತ್ರ ಸಂಬಳದವರ ತರ ತಿಂಗಳಿಗೆ ಇಂತಿಷ್ಟು. ಅದನ್ನ ಬದಲಿಸಿ. 1 ಕೊರಿಂಥ 16ರಲ್ಲಿ ವಾರದ ಮೊದಲನೇ ದಿನ ಪ್ರತಿಯೊಬ್ಬ ತನ್ನ ಸಂಪಾದನೆಗೆ ತಕ್ಕ ಹಾಗೆ ತೆಗೆದಿಡಲಿ ಅಂತಿದೆ, ನಮ್ಮ ಬಂದರದವರಿಗೇ ಹೇಳಿದ ಹಾಗಿದೆ ನೋಡಿ. ಪಾಲು ಹಂಚಿದ ದಿನ, ಇವರು ಮನೆಗೆ ಬಂದು ದುಡ್ಡು ಎಣಿಸೋವಾಗಲೇ ನೂರಕ್ಕೆ ಐದೋ ಹತ್ತೋ ಬೇರೆ ಡಬ್ಬಿಗೆ ಹಾಕಿ. ಪಾಲು ಸೊನ್ನೆ ಆದ ವಾರ ಡಬ್ಬಿಗೂ ಸೊನ್ನೆ, ಆ ವಾರದ್ದು ಬಾಕಿ ಅಂತ ಬರ್ಕೊಂಡು ಕೂರಬೇಡಿ. ಬಾಂಗ್ಡೆ ಜೋರು ಬಿದ್ದ ವಾರ ತಾನಾಗೇ ಜಾಸ್ತಿ ಹೋಗ್ತದೆ. ಕೊಡೋ ಅಭ್ಯಾಸ ಬಿಡೋದು ಬೇಡ, ಮೊತ್ತ ಏರಿಳಿಯಲಿ.

ಒಂದು ಭಾಗ ಆ ಡಬ್ಬಿಯಲ್ಲೇ ಜೂನ್ ತನಕ ಇರ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಶಾಲೆ ಶುರುವಾಗೋದೂ ಆಗಲೇ, ಫೀಸು, ಪುಸ್ತಕ, ಕೊಡೆ, ರೇನ್‌ಕೋಟು ಎಲ್ಲ ಒಟ್ಟಿಗೆ. ನಿಮ್ಮದೇ ಬೋಟಿನ ಖಲಾಸಿಯ (ಬೋಟಿನ ಕೆಲಸಗಾರನ) ಮನೆಯಲ್ಲಿ ಆಗ ಅಕ್ಕಿ ಇದೆಯಾ ಇಲ್ಲವಾ ನಿಮಗೇ ಗೊತ್ತಿರ್ತದೆ, ಇಗರ್ಜಿ ಕಮಿಟಿಗೆ ಅದು ಗೊತ್ತಾಗೋ ಹೊತ್ತಿಗೆ ಆಗಸ್ಟ್ ಆಗಿರ್ತದೆ. ಅವನು ನಮ್ಮ ಧರ್ಮದವನೋ ಅಲ್ಲವೋ ನೋಡಬೇಡಿ, ಸದ್ದಿಲ್ಲದೆ ಕೊಡಿ.

ಕಾಮೆಂಟ್ (ಕುಮಟಾದಿಂದ ಒಬ್ಬರು):
ಸರ್ ಮಲಾಕಿ 3:10ರಲ್ಲಿ ದಶಮಾಂಶ (ಹತ್ತರಲ್ಲೊಂದು ಪಾಲು) ಪೂರ್ತಿ ತನ್ನಿ ಅಂತಿದೆಯಲ್ಲ, ಬೈಬಲಿನ ಆ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಇದ್ದದ್ದೆಲ್ಲ ಹಾಕಿದ್ಲು, ನೀವು ಸಡಿಲ ಮಾಡ್ತಾ ಇದ್ದೀರಿ ಅನಿಸ್ತದೆ.

ಉತ್ತರ:
ಪ್ರಶ್ನೆ ಸರಿ ಇದೆ. ಮಲಾಕಿ ಅದೇ ವಚನದಲ್ಲಿ ನನ್ನ ಆಲಯದಲ್ಲಿ ಆಹಾರ ಇರಲಿ ಅಂತಾನೆ. ಧರ್ಮೋಪದೇಶಕಾಂಡ 14ರಲ್ಲಿ ಮೂರನೇ ವರ್ಷದ ದಶಮಾಂಶ ಊರಲ್ಲೇ ಇಟ್ಟು ಲೇವಿಯರು (ದೇವಾಲಯದ ಸೇವೆಯ ಕುಲದವರು), ಪರದೇಶಿಗಳು, ಅನಾಥರು, ವಿಧವೆಯರು ಉಂಡು ತೃಪ್ತಿ ಆಗಬೇಕು ಅಂತಿದೆ. ಅಂದ್ರೆ ಅದು ಹಸಿದವರ ಊಟ. ಆ ವಿಧವೆಯ ಭಕ್ತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಾರ್ಕ 12ರಲ್ಲಿ ಅವಳ ಕಥೆಗೆ ಸ್ವಲ್ಪ ಮುಂಚಿನ 40ನೇ ವಚನ ಓದಿ, ವಿಧವೆಯರ ಮನೆ ನುಂಗೋ ಶಾಸ್ತ್ರಿಗಳನ್ನ ಸ್ವಾಮಿ ಖಂಡಿಸ್ತಾರೆ. ಅವಳು ತಾನಾಗಿ ಹಾಕಿದ್ದು, ಹಾಕು ಅಂತ ಅವಳಿಗೆ ಹೇಳೋ ಹಕ್ಕು ನನಗೂ ಇಲ್ಲ ನಿಮಗೂ ಇಲ್ಲ. ಕಥೋಲಿಕರಲ್ಲಿ ಇಗರ್ಜಿಯ ಅಗತ್ಯಕ್ಕೆ ನೆರವಾಗೋ ಜವಾಬ್ದಾರಿ ಇದೆ (ಚರ್ಚಿನ ಕಾನೂನು, ಕ್ಯಾನನ್ 222), ಹತ್ತು ಪರ್ಸೆಂಟೇ ಅಂತ ಅಲ್ಲಿ ಇಲ್ಲ. ಕಷ್ಟದಲ್ಲಿ ಕಮ್ಮಿ ಆದದ್ದಕ್ಕಿಂತ ಒಳ್ಳೇ ಸಂಬಳ ಬರೋವಾಗ ಹತ್ತು ರೂಪಾಯಿ ನೋಟು ಹಾಕಿ ಸುಮ್ಮನಿರೋದೇ ನನಗೆ ಬೇಜಾರು.

ಕಾಮೆಂಟ್ (ಕೈಗಾ ಟೌನ್‌ಶಿಪ್):
ಸಂಬಳದವರಿಗೆ 80ಜಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ) ಸಿಗ್ತದಾ ಸರ್?

ಉತ್ತರ:
ಸಂಡೇ ಪೂಜೆಯ ಕಾಣಿಕೆಗೆ ಇಲ್ಲ. 80ಜಿ ನೋಂದಣಿ ಇರೋ ಟ್ರಸ್ಟಿಗೆ ಕೊಟ್ರೆ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ, ಆದಾಯದ 10 ಪರ್ಸೆಂಟಿನ ಮಿತಿ ಒಳಗೆ, ಅದೂ ಹಳೇ ತೆರಿಗೆ ರಿಜೀಮಲ್ಲಿ (ಪದ್ಧತಿಯಲ್ಲಿ) ಮಾತ್ರ. ನಗದು 2000 ರೂಪಾಯಿ ದಾಟಿದ್ರೆ ಲೆಕ್ಕಕ್ಕಿಲ್ಲ, ಅಕ್ಕಿ ಬಟ್ಟೆ ಕೊಟ್ರೂ ಇಲ್ಲ. ಟ್ರಸ್ಟಿನವರಿಂದ ಡೊನೇಶನ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ.

ಪ್ರಶ್ನೆ ಕೇಳಿದವರು:
ಇವರಿಗೂ ಓದಿ ಹೇಳಿದೆ ಸರ್, ಬಳೆ ಇಡೋದಿಲ್ಲ ಅಂದ್ರು. ಸಿಸ್ಟರ್‌ಗಳಿಗೆ ದುಡ್ಡಿನ ಬದಲು ಮೀನು ಕೊಟ್ರೆ ಆಗ್ತದಾ?

ಉತ್ತರ:
ಆಗ್ತದೆ, ಬಹಳ ಒಳ್ಳೇದು, ಮಕ್ಕಳು ಖುಷಿಯಿಂದ ತಿಂತಾರೆ. ಬೋಟ್ ಬಂದ ಕೂಡ್ಲೆ ಒಂದು ಫೋನ್ ಮಾಡಿ, ಅವರ ಅಡುಗೆ ಮುಗಿದ ಮೇಲೆ ಬುಟ್ಟಿ ತಲುಪಿದ್ರೆ ಇಡೋಕೆ ಜಾಗ ಇರೋದಿಲ್ಲ, ಫ್ರಿಡ್ಜ್ ಎಷ್ಟು ದೊಡ್ಡದು ಅಂತಾನೂ ಕೇಳಿಕೊಳ್ಳಿ.