ಸಹಾಯ ಬೇಕು: 2001ರ ಸಿಲ್ವರಾಡೊಗೆ ಟಾಹೋ ಗೇರ್‌ಬಾಕ್ಸ್ ಹೊಂದುತ್ತದಾ?

ಡಲ್ಲಾಸ್ ಕಡೆ ಗಾಡಿ ಕೆಲಸ ಗೊತ್ತಿರುವವರು ಇದ್ದೀರಾ? ನನ್ನದು 2001ರ ಶೆವ್ರೊಲೆ ಸಿಲ್ವರಾಡೊ 1500 ಪಿಕಪ್, 5.3 ಲೀಟರ್ ವಿ8, ಫೋರ್ ವೀಲ್ ಡ್ರೈವ್, 4ಎಲ್60-ಇ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಒಂದು, ಎರಡು, ರಿವರ್ಸ್ ಸರಿ ಇವೆ. ಮೂರಕ್ಕೆ ಬಂದರೆ ಎಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಗೇರ್‌ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿದೆ. ಸುಟ್ಟ ವಾಸನೆ, ತಳದಲ್ಲಿ ಕಾಡಿಗೆಯಂಥ ಕೆಸರು. ಪಾಪ, ಅದಕ್ಕೂ ವಯಸ್ಸಾಯ್ತಲ್ವಾ.

ಗುಜರಿಯಲ್ಲಿ ಎರಡು ಗೇರ್‌ಬಾಕ್ಸ್ ಸಿಕ್ಕಿವೆ. 4.3 ವಿ6 ಗಾಡಿಯದು ಅಗ್ಗ, ಆದರೆ ಅದು 298 ಮಿ.ಮೀ. ಟಾರ್ಕ್ ಕನ್ವರ್ಟರಿನದು (ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ನನ್ನದು 300. ಬಿಟ್ಟೆ. ಇನ್ನೊಂದು 2004ರ ಶೆವ್ರೊಲೆ ಟಾಹೋ ಎಸ್‌ಯುವಿಯದು, ಅದೂ 5.3, ಫೋರ್ ವೀಲ್. ಇದನ್ನು ಹಾಕಿ ನೋಡಿದವರಿದ್ದರೆ ಹೇಳಿ: ನನ್ನ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಾಗೇ ಕೂರುತ್ತದಾ? ಗಾಡಿಯ ಕಂಪ್ಯೂಟರ್ ತಕರಾರು ತೆಗೆಯುತ್ತದಾ? ಶನಿವಾರದೊಳಗೆ ಗುಜರಿಯವರಿಗೆ ಉತ್ತರ ಕೊಡಬೇಕು.